ಅಣು ತ್ಯಾಜ್ಯದ ಲೆಕ್ಕಕ್ಕೂ ಆಡಿಟ್ ಬೇಡವೇ?



ಕಾಫಿ, ಅಡಿಕೆ, ಮೆಣಸಿನ ಧಾರಣೆಯ ಬಗ್ಗೆ ಬರೆಯಬೇಕಾದ ಈ ಪುಟಗಳಲ್ಲಿ ಅಣುಶಕ್ತಿಯ ಮಾತೇಕೆ ಎಂದು ನೀವು ಕೇಳಬಹುದು. ಕಾರಣ ದೂರದ್ದಲ್ಲ. ಕಾಳಿ ನದಿಯ ದಂಡೆಯ ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ತಲಾ 700 ಮೆಗಾವಾಟಿನ ಇನ್ನೆರಡರ ಕೆಲಸವನ್ನೂ ಅಲ್ಲೇ ಕೈಗೆತ್ತಿಕೊಂಡಿದ್ದಾರೆ. ಯಲ್ಲಾಪುರದ ಕಡೆಯ ಅಡಿಕೆ ತೋಟಗಳಿಗೆ ಅದು ನೆರೆಮನೆ. ಸ್ಥಾವರ ಬೇಕೇ ಬೇಡವೇ ಎಂಬ ಹಳೆಯ ವಾದವನ್ನು ನಾನಿಲ್ಲಿ ಎತ್ತುವುದಿಲ್ಲ. ಅದು ಬಂದಾಗಿದೆ. ನಾನು ಹೇಳಬಯಸುವುದು ಇಷ್ಟೆ: ಸ್ಥಾವರದ ಸುರಕ್ಷತೆಯನ್ನೂ ಅದರ ತ್ಯಾಜ್ಯವನ್ನೂ ಹೊರಗಿನವರು ನೋಡಿ ಪ್ರಶ್ನೆ ಕೇಳುವಂಥ ತಪಾಸಣೆ ಇರಬೇಕು. ಮೊದಲನೆಯದಕ್ಕೆ ನಮ್ಮ ದೇಶ ಒಪ್ಪಿದೆ. ಎರಡನೆಯದಕ್ಕೆ ಇನ್ನೂ ಒಪ್ಪಿಲ್ಲ. ಒಪ್ಪಿರಿ ಎಂದು ಕೇಳುವ ಹಕ್ಕು ಬೆಳೆಗಾರರಾದ ನಮಗೂ ಇದೆ.

ಏಕೆಂದರೆ ಇಂಥ ಸ್ಥಾವರದಲ್ಲಿ ಏನಾದರೂ ಎಡವಟ್ಟಾದರೆ ಅದರ ಪೆಟ್ಟು ಎಷ್ಟು ದೂರದ ಬೇಸಾಯಗಾರನಿಗೆ ತಗಲಬಹುದು ಎಂಬುದಕ್ಕೆ ಇಂಗ್ಲೆಂಡಿನ ಕುರಿಗಾರರೇ ಸಾಕ್ಷಿ.

1986ರ ಏಪ್ರಿಲ್ 26ರಂದು ಆಗಿನ ಸೋವಿಯತ್ ಒಕ್ಕೂಟದ ಉಕ್ರೇನಿನಲ್ಲಿ ಚೆರ್ನೋಬಿಲ್ ಸ್ಥಾವರದ ನಾಲ್ಕನೇ ಘಟಕ ಸಿಡಿಯಿತು. ಎರಡು ದಿನ ಹೊರಜಗತ್ತಿಗೆ ಸುದ್ದಿಯೇ ಇಲ್ಲ. ಸಾವಿರ ಕಿಲೋಮೀಟರಿಗೂ ದೂರದ ಸ್ವೀಡನ್ನಿನ ಫಾರ್ಸ್‌ಮಾರ್ಕ್ ಎಂಬ ಅಣು ಸ್ಥಾವರದಲ್ಲಿ 28ರ ಬೆಳಿಗ್ಗೆ ಕೆಲಸಗಾರನೊಬ್ಬನ ಪಾದರಕ್ಷೆಯಲ್ಲಿ ವಿಕಿರಣ ಕಂಡು ಎಚ್ಚರಿಕೆಯ ಗಂಟೆ ಹೊಡೆಯಿತು. ಮೊದಲು ಅವರು ತಮ್ಮಲ್ಲೇ ಏನೋ ಸೋರಿದೆ ಎಂದು ಗಾಬರಿಯಾದರು. ಗಾಳಿ ಬಂದ ದಿಕ್ಕನ್ನು ಹಿಡಿದು ಹೋದಾಗ ಮೂಲ ತಿಳಿಯಿತು. ಅದೇ ರಾತ್ರಿ ಮಾಸ್ಕೋ ಕೆಲವೇ ವಾಕ್ಯಗಳಲ್ಲಿ ಅಪಘಾತವನ್ನು ಒಪ್ಪಿಕೊಂಡಿತು.

ಮೇ ತಿಂಗಳ ಆರಂಭದಲ್ಲಿ ಆ ಮೋಡ ಬ್ರಿಟನ್ನಿನ ಮೇಲೆ ಹಾದಾಗ ಕಂಬ್ರಿಯಾ, ಉತ್ತರ ವೇಲ್ಸ್, ಸ್ಕಾಟ್ಲೆಂಡಿನ ಗುಡ್ಡಗಳ ಮೇಲೆ ಜೋರು ಮಳೆ ಬಂತು. ಮಳೆಯೊಡನೆ ಸೀಸಿಯಂ ಎಂಬ ವಿಕಿರಣಶೀಲ ವಸ್ತು ಹುಲ್ಲಿಗಿಳಿಯಿತು, ಹುಲ್ಲಿನಿಂದ ಕುರಿಗಳ ಮೈ ಸೇರಿತು. ಜೂನ್ 20ರಂದು ಸರ್ಕಾರ ಕಂಬ್ರಿಯಾ ಮತ್ತು ಉತ್ತರ ವೇಲ್ಸಿನಲ್ಲಿ ಕುರಿಗಳ ಸಾಗಣೆಗೂ ವಧೆಗೂ ತಡೆ ಹಾಕಿತು. ಮೂರು ವಾರದಲ್ಲಿ ಎಲ್ಲಾ ಸರಿಹೋಗುತ್ತದೆ ಎಂದು ಹೇಳಿತು. ಆ ಮೂರು ವಾರ ಮುಗಿದದ್ದು 2012ರ ಜೂನ್‌ನಲ್ಲಿ! ಒಟ್ಟು ಒಂಬತ್ತು ಸಾವಿರಕ್ಕೂ ಹೆಚ್ಚು ಹಿಡುವಳಿಗಳು, ನಾಲ್ವತ್ತು ಲಕ್ಷಕ್ಕೂ ಮಿಕ್ಕಿದ ಕುರಿಗಳು ಈ ಕಟ್ಟಿಗೆ ಒಳಗಾದವು. ಒಂದು ಕಿಲೋ ಮಾಂಸದಲ್ಲಿ 1000 ಬೆಕೆರೆಲ್ ಮೀರಿದರೆ, ಅಂದರೆ ಸೆಕೆಂಡಿಗೆ ಸಾವಿರಕ್ಕಿಂತ ಹೆಚ್ಚು ಅಣುಗಳು ಒಡೆಯುತ್ತಿದ್ದರೆ, ಆ ಕುರಿಯ ಮೈಗೆ ಬಣ್ಣ ಬಳಿದು ಬಿಡುತ್ತಿದ್ದರು. ಅದನ್ನು ಕಡಿಯುವಂತಿಲ್ಲ. ತಪಾಸಣೆಯ ತೊಂದರೆಗೆಂದು ಕೊಟ್ಟ ಪರಿಹಾರ ಕುರಿಯೊಂದಕ್ಕೆ ಒಂದು ಪೌಂಡು ಮೂವತ್ತು ಪೆನ್ಸ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ನಮ್ಮ ಗಾದೆಗೆ ಇದಕ್ಕಿಂತ ಉದಾಹರಣೆ ಬೇಡ.

ಮೂರು ವಾರವೆಂಬ ಲೆಕ್ಕ ತಪ್ಪಿದ್ದೇಕೆ? ಇದು ನಮಗೆ ಮುಖ್ಯ. ಸೀಸಿಯಂ ಜೇಡಿ ಮಣ್ಣಿನಲ್ಲಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಗಿಡದ ಬೇರಿಗೆ ಸಿಗುವುದು ಕಡಿಮೆ. ವಿಜ್ಞಾನಿಗಳ ಲೆಕ್ಕ ಆ ಬಗೆಯ ಮಣ್ಣಿನದು. ಗುಡ್ಡದ ಮೇಲಿದ್ದದ್ದೋ ಕೊಳೆತ ಸಸ್ಯಪದರದ ಕಪ್ಪು ಹುಳಿ ಮಣ್ಣು. ಅದರಲ್ಲಿ ಸೀಸಿಯಂ ಅಂಟದೆ ವರ್ಷ ವರ್ಷವೂ ಹುಲ್ಲಿಗೆ ಏರುತ್ತಲೇ ಇತ್ತು. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಬ್ರಯನ್ ವಿನ್ ಎಂಬ ಸಮಾಜಶಾಸ್ತ್ರಜ್ಞರು ಆ ಕುರಿಗಾರರ ನಡುವೆ ಅಧ್ಯಯನ ಮಾಡಿ ಬರೆದಿದ್ದಾರೆ. ಬಂದ ತಜ್ಞರು ಕುರಿಗಳನ್ನು ಕಣಿವೆಯ ಗದ್ದೆಗಳಿಗೆ ಇಳಿಸಿ ಎಂದರಂತೆ. ಅಲ್ಲಿಯ ಹುಲ್ಲು ಚಳಿಗಾಲಕ್ಕೆಂದು ಕಾದಿಟ್ಟದ್ದು ಎಂಬುದು ಅವರಿಗೆ ಗೊತ್ತಿರಲಿಲ್ಲ. ಬೇಲಿ ಹಾಕಿ ಪ್ರಯೋಗ ನಡೆಸಿದರು. ಗುಡ್ಡದ ಕುರಿ ಬೇಲಿಯೊಳಗೆ ಸೊರಗುತ್ತದೆ ಎಂದು ಸಾಕುವವರು ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಪ್ರಯೋಗ ಕೈಬಿಡಬೇಕಾಯಿತು.

ಇನ್ನೊಂದು ಸಂಗತಿ. ಕಂಬ್ರಿಯಾದ ಕರಾವಳಿಯಲ್ಲೇ ಸೆಲ್ಲಾಫೀಲ್ಡ್ ಎಂಬ ಅಣು ಕೇಂದ್ರವಿದೆ. ಹಿಂದೆ ವಿಂಡ್‌ಸ್ಕೇಲ್ ಎಂದು ಕರೆಯುತ್ತಿದ್ದ ಅಲ್ಲಿ 1957ರಲ್ಲಿ ಬೆಂಕಿ ಬಿದ್ದು, ಸುತ್ತಲಿನ ಹಾಲನ್ನು ಚೆಲ್ಲಿಸಿದ್ದರು. ಈ ಸೀಸಿಯಂ ನಿಜವಾಗಿ ರಷ್ಯದ ಕಡೆಯಿಂದ ಬಂದದ್ದೇ, ಅಥವಾ ಪಕ್ಕದ ಮನೆಯದೇ ಎಂದು ಬೇಸಾಯಗಾರರು ಕೇಳಿದರು. ಅದರಲ್ಲಿ ಒಂದು ಪಾಲು ಹಳೆಯದೇ ಎಂದು ಆಮೇಲಿನ ಅಳತೆಗಳಿಂದ ತಿಳಿಯಿತು. ಮೊದಲೇ ಅಳೆದು ಎಲ್ಲರ ಮುಂದೆ ಇಟ್ಟಿದ್ದರೆ ಅಷ್ಟು ಅವಿಶ್ವಾಸ ಬೆಳೆಯುತ್ತಿರಲಿಲ್ಲ.

ಕುರಿಯ ಮಾತು ನಮಗೇಕೆ ಎನ್ನುವವರಿಗೆ ಜಪಾನಿನ ಚಹದ ಮಾತು ಹೇಳುತ್ತೇನೆ. 2011ರ ಮಾರ್ಚಿನಲ್ಲಿ ಫುಕುಶಿಮಾದ ಅಪಘಾತವಾಯಿತು. ಮೇ ತಿಂಗಳಲ್ಲಿ, ಅಲ್ಲಿಂದ ಸುಮಾರು 300 ಕಿಲೋಮೀಟರ್ ದೂರದ ಕನಗಾವಾ ಪ್ರಾಂತದ ಚಹದ ಚಿಗುರಿನಲ್ಲಿ ಆಗಿನ ಮಿತಿ ಮೀರಿದ ಸೀಸಿಯಂ ಸಿಕ್ಕಿತು. ಮಾರ್ಚಿನಲ್ಲಿ ಆ ಚಿಗುರು ಇನ್ನೂ ಹುಟ್ಟಿರಲಿಲ್ಲ. ಹಳೆಯ ಎಲೆ, ತೊಗಟೆಗಳ ಮೇಲೆ ಬಿದ್ದದ್ದು ಗಿಡದೊಳಗೆ ಹರಿದು ಹೊಸ ಚಿಗುರಿಗೆ ಏರಿತ್ತು. ಭತ್ತದವನು ಒಂದು ಬೆಳೆ ಬಿಟ್ಟಾನು. ನಮ್ಮಂತೆ ಬಹುವಾರ್ಷಿಕ ಬೆಳೆ ಕಟ್ಟಿಕೊಂಡವನಿಗೆ ಗಿಡವನ್ನೇ ಆಳವಾಗಿ ಸವರುವುದಲ್ಲದೆ ಬೇರೆ ದಾರಿಯಿಲ್ಲ. ಗಿಡವು ಸೀಸಿಯಂ ಮತ್ತು ಪೊಟ್ಯಾಷನ್ನು ಹೆಚ್ಚುಕಡಿಮೆ ಒಂದೇ ಬಾಗಿಲಿನಿಂದ ಒಳಗೆ ಬಿಟ್ಟುಕೊಳ್ಳುತ್ತದೆ. ಮಣ್ಣಿನಲ್ಲಿ ಪೊಟ್ಯಾಷ್ ಕಡಿಮೆಯಿದ್ದಷ್ಟೂ ಸೀಸಿಯಂ ಹೆಚ್ಚು ಏರುತ್ತದೆ. ಅದಕ್ಕೇ ಜಪಾನಿನವರು ಭತ್ತದ ಗದ್ದೆಗಳಿಗೆ ಹೆಚ್ಚು ಪೊಟ್ಯಾಷ್ ಹಾಕಿಸಿದರು. ಕಾಡಿನ ಮರಗಳು ಇಂಥ ಧೂಳನ್ನು ಹಿಡಿದು ದರಕಿನ ಪದರದಲ್ಲಿ ಬಹುಕಾಲ ಇಟ್ಟುಕೊಳ್ಳುತ್ತವೆ ಎಂಬುದೂ ಚೆರ್ನೋಬಿಲ್ಲಿನಿಂದ ಕಲಿತ ಪಾಠ. ನಮ್ಮದು ಹುಳಿ ಮಣ್ಣು, ಜೋರು ಮಳೆ, ಸೊಪ್ಪಿನ ಬೆಟ್ಟದಿಂದ ತೋಟಕ್ಕೆ ತರುವ ಸೊಪ್ಪು-ದರಕು. ಬೇರೆ ಊರಿನ ಲೆಕ್ಕ ಇಲ್ಲಿಗೆ ಹೊಂದುತ್ತದೆಂದು ಯಾರೂ ಸುಮ್ಮನೆ ಹೇಳಕೂಡದು.

ಚೆರ್ನೋಬಿಲ್ ಆದ ಮೇಲೆ ಜಗತ್ತು ಎಚ್ಚೆತ್ತಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಎನ್ನಬಹುದು, ಆದರೂ ಹಾಕಿದರಲ್ಲ. ವಿಯೆನ್ನಾದಲ್ಲಿರುವ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಆಶ್ರಯದಲ್ಲಿ 1986ರ ಸೆಪ್ಟೆಂಬರಿನಲ್ಲೇ ಒಂದು ಒಡಂಬಡಿಕೆಯಾಯಿತು. ಗಡಿ ದಾಟುವಂಥ ಅಪಘಾತವಾದರೆ ಆ ದೇಶ ಕೂಡಲೇ ಉಳಿದವರಿಗೆ ತಿಳಿಸಬೇಕು. ಜೊತೆಗೇ, ಅಪಘಾತವಾದ ದೇಶಕ್ಕೆ ಉಳಿದವರು ನೆರವಾಗುವ ಒಡಂಬಡಿಕೆಯೂ ಆಯಿತು. 1994ರಲ್ಲಿ ಅಣು ಸ್ಥಾವರಗಳ ಸುರಕ್ಷತೆಯ ಒಡಂಬಡಿಕೆ ಬಂತು. ಇದರಂತೆ ಪ್ರತಿ ದೇಶವೂ ತನ್ನ ಸ್ಥಾವರಗಳ ಸ್ಥಿತಿ ಕುರಿತು ವರದಿ ಬರೆಯಬೇಕು. ಉಳಿದ ದೇಶಗಳು ಅದನ್ನೋದಿ ಪ್ರಶ್ನೆ ಹಾಕುತ್ತವೆ. ಮೂರು ವರ್ಷಕ್ಕೊಮ್ಮೆ ಸಭೆ ಸೇರಿ ಉತ್ತರ ಕೇಳುತ್ತವೆ. ದಂಡವಿಲ್ಲ, ಜೈಲಿಲ್ಲ, ನಾಲ್ಕು ಜನ ತಿಳಿದವರ ಮುಂದೆ ತಲೆ ತಗ್ಗಿಸಬಾರದೆಂಬ ಮರ್ಯಾದೆಯೇ ಇದರ ಬಲ. ಭಾರತ ಇವೆಲ್ಲಕ್ಕೂ ಸಹಿ ಹಾಕಿದೆ. ಸುರಕ್ಷತೆಯ ಒಡಂಬಡಿಕೆಯನ್ನು 2005ರಲ್ಲಿ ಸ್ಥಿರೀಕರಿಸಿತು.

ಉಳಿದದ್ದು ತ್ಯಾಜ್ಯ. ಬಳಸಿದ ಇಂಧನ ಮತ್ತು ವಿಕಿರಣಶೀಲ ತ್ಯಾಜ್ಯದ ನಿರ್ವಹಣೆಗೆ ಇದೇ ಬಗೆಯ ವರದಿ, ಪ್ರಶ್ನೆ, ಸಭೆಗಳ ಜಂಟಿ ಒಡಂಬಡಿಕೆ 1997ರಲ್ಲಿ ಸಿದ್ಧವಾಗಿ 2001ರಲ್ಲಿ ಜಾರಿಗೆ ಬಂತು. ಅಮೆರಿಕ, ರಷ್ಯ, ಚೀನಾ, ಫ್ರಾನ್ಸ್, ಜಪಾನ್ ಸೇರಿ ಎಂಬತ್ತಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಭಾರತವಿಲ್ಲ.

ಬಳಸಿದ ಇಂಧನ ನಮ್ಮಲ್ಲಿ ಕಸವಲ್ಲ, ಮರುಸಂಸ್ಕರಿಸಿ ಪ್ಲುಟೋನಿಯಂ ತೆಗೆಯುವ ಸಂಪತ್ತು ಎಂಬುದು ನಮ್ಮ ಅಣುಶಕ್ತಿ ಇಲಾಖೆಯ ನಿಲುವು. ಇರಲಿ. ಫ್ರಾನ್ಸ್ ಕೂಡ ಲಾ ಹೇಗ್‌ನಲ್ಲಿ ಮರುಸಂಸ್ಕರಣೆ ಮಾಡುತ್ತದೆ, ಒಡಂಬಡಿಕೆಯಲ್ಲೂ ಇದೆ. ಕಾಫಿ ಪಲ್ಪ್ ಮಾಡಿದ ಮೇಲೆ ಸಿಪ್ಪೆ ಗೊಬ್ಬರಕ್ಕಾಯಿತು ಎಂದ ಮಾತ್ರಕ್ಕೆ ತೊಳೆದ ನೀರು ಹಳ್ಳಕ್ಕೆ ಹೋಗುವುದು ತಪ್ಪುತ್ತದೆಯೇ? ಮರುಸಂಸ್ಕರಣೆಯ ನಂತರವೂ ಬಹಳ ತೀಕ್ಷ್ಣವಾದ ದ್ರವ ಉಳಿಯುತ್ತದೆ. ಅದನ್ನು ಗಾಜಿನೊಡನೆ ಕರಗಿಸಿ ಉಕ್ಕಿನ ಪಾತ್ರೆಯಲ್ಲಿ ಗಟ್ಟಿ ಮಾಡುವ ವಿದ್ಯೆ ನಮ್ಮವರಿಗೆ ಚೆನ್ನಾಗಿ ಬರುತ್ತದೆ. ತಾರಾಪುರ, ಟ್ರಾಂಬೆಗಳಲ್ಲಿ ಮಾಡಿದ್ದಾರೆ. ಕಡಿಮೆ ತೀಕ್ಷ್ಣತೆಯ ತ್ಯಾಜ್ಯವನ್ನು ಆಯಾ ಸ್ಥಾವರದ ಆವರಣದಲ್ಲೇ ಕಾಂಕ್ರೀಟ್ ಕಂದಕಗಳಲ್ಲಿ ಇಡುತ್ತಾರೆ. ಸೀಸಿಯಂ 137 ಅರ್ಧಕ್ಕಿಳಿಯಲು ಮೂವತ್ತು ವರ್ಷ ಬೇಕು, ಪ್ಲುಟೋನಿಯಂ 239ಕ್ಕೆ ಇಪ್ಪತ್ತನಾಲ್ಕು ಸಾವಿರ ವರ್ಷ. ಸರ್ಕಾರಗಳು, ಮಂಡಳಿಗಳು, ನಾವು ನೀವು ಹೋದ ಮೇಲೂ ಉಳಿಯುವ ಬಾಬತ್ತು ಇದು. ಫಿನ್ಲೆಂಡಿನವರು ಓಲ್ಕಿಲುಓಟೋ ಎಂಬಲ್ಲಿ ನಾನೂರು ಮೀಟರಿಗೂ ಆಳದ ಬಂಡೆಯಲ್ಲಿ ಸುರಂಗ ಕೊರೆದು, ತಾಮ್ರದ ಕೊಪ್ಪರಿಗೆಗಳಲ್ಲಿ ಇಡುವ ವ್ಯವಸ್ಥೆ ಕಟ್ಟಿದ್ದಾರೆ. ತಮ್ಮ ಲೆಕ್ಕವನ್ನೂ ಪರರ ಮುಂದೆ ಬಿಚ್ಚಿಟ್ಟಿದ್ದಾರೆ.

ಪರದೇಶದವರು ಬಂದು ನಮಗೆ ಹೇಳುವುದೇ ಎಂದು ಕೆಲವರಿಗೆ ಅನಿಸಬಹುದು. ಅಣ್ವಸ್ತ್ರದ ಗುಟ್ಟು ದೇಶದ ಗುಟ್ಟು. ಅದನ್ನು ಯಾರೂ ಕೇಳುತ್ತಿಲ್ಲ. ಜಂಟಿ ಒಡಂಬಡಿಕೆಯೂ ಸೈನಿಕ ತ್ಯಾಜ್ಯವನ್ನು, ಆ ದೇಶವೇ ಸೇರಿಸದ ಹೊರತು, ಹೊರಗಿಟ್ಟಿದೆ. ಇನ್ನುಳಿದದ್ದಕ್ಕೆ ನಮ್ಮ ಸಂಘದ ನಡವಳಿಕೆಯನ್ನೇ ನೋಡಿ. ಪ್ರತಿ ವರ್ಷ ಆಡಿಟರು ಬರುತ್ತಾರೆ. ಕಾರ್ಯದರ್ಶಿಯಾದ ನಾನು ಕಳ್ಳನೆಂದು ಅವರು ಬರುವುದಲ್ಲ. ನನ್ನ ಕಣ್ಣಿಗೆ ಬೀಳದ ತಪ್ಪು ಇನ್ನೊಬ್ಬರ ಕಣ್ಣಿಗೆ ಬೀಳಲೆಂದು ಬರುತ್ತಾರೆ. ನ್ಯೂನತೆಗಳ ಪಟ್ಟಿಯನ್ನು ಮಹಾಸಭೆಯಲ್ಲಿ ಓದುವಾಗ ಮುಜುಗರವಾಗುತ್ತದೆ, ನಿಜ. ಆದರೆ ಸದಸ್ಯರು ಠೇವಣಿ ಇಡುವುದು ಆ ಪಟ್ಟಿ ಓದುತ್ತೇವೆ ಎಂಬ ಭರವಸೆಯಿಂದಲೇ.

ಇಂಥ ತಪಾಸಣೆಯಿಂದ ಫಲವುಂಟೆಂಬುದಕ್ಕೆ ನಮ್ಮಲ್ಲೇ ನಿದರ್ಶನವಿದೆ. ಅಣುಶಕ್ತಿ ನಿಯಂತ್ರಣ ಮಂಡಳಿಗೆ ಸ್ವತಂತ್ರ ಶಾಸನದ ಬೆಂಬಲವಿಲ್ಲವೆಂದು 2012ರಲ್ಲಿ ನಮ್ಮ ಮಹಾಲೇಖಪಾಲರು ಬರೆದರು. 2015ರಲ್ಲಿ ಸರ್ಕಾರವೇ ಕರೆಸಿಕೊಂಡ ಅಂತಾರಾಷ್ಟ್ರೀಯ ತಂಡವೂ ಒಳ್ಳೆಯದನ್ನು ಹೊಗಳಿ, ಇದನ್ನೇ ಹೇಳಿತು. ತ್ಯಾಜ್ಯದ ಬಗ್ಗೆ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿ ಎಂದೂ ಸೂಚಿಸಿತು. 2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಕಾಯಿದೆಯಲ್ಲಿ ಮಂಡಳಿಗೆ ಶಾಸನಬದ್ಧ ಸ್ಥಾನ ಸಿಕ್ಕಿತು. ತಡವಾಯಿತು, ಆದರೆ ಆಯಿತು. ಅದೇ ಕಾಯಿದೆ ಅಣು ವಿದ್ಯುತ್ತಿಗೆ ಖಾಸಗಿ ಕಂಪನಿಗಳನ್ನೂ ಬಿಟ್ಟುಕೊಂಡಿದೆ. ಕೈಗಳು ಹೆಚ್ಚಾದಷ್ಟೂ ಲೆಕ್ಕ ನೋಡುವ ಕಣ್ಣೂ ಹೆಚ್ಚಬೇಕು.

ಆದಕಾರಣ ಮುಂದಿನ ಮಹಾಸಭೆಯಲ್ಲಿ ಎರಡು ಬೇಡಿಕೆಗಳ ಒಂದು ನಿರ್ಣಯವನ್ನು ಮಂಡಿಸಬೇಕೆಂದು ನನ್ನ ಸಲಹೆ. ಮೊದಲನೆಯದು, ಭಾರತ ಸರ್ಕಾರ ಜಂಟಿ ಒಡಂಬಡಿಕೆಗೆ ಸೇರಬೇಕು. ಎರಡನೆಯದು, ಕೈಗಾದ ಪರಿಸರ ಸಮೀಕ್ಷಾ ಪ್ರಯೋಗಾಲಯವು ಸ್ಥಾವರ ನಡೆಯುವುದಕ್ಕೆ ಮೊದಲಿನಿಂದಲೂ ಮಣ್ಣು, ನೀರು, ಬೆಳೆಗಳನ್ನು ಅಳೆಯುತ್ತ ಬಂದಿದೆ. ಆ ಅಂಕಿಗಳು ಪ್ರತಿ ವರ್ಷ ಕನ್ನಡದಲ್ಲಿ ಸುತ್ತಲಿನ ಗ್ರಾಮ ಪಂಚಾಯಿತಿಗಳಿಗೂ ಬೆಳೆಗಾರರ ಸಂಘಗಳಿಗೂ ಬರಬೇಕು. ತೋಟದ ಮಣ್ಣನ್ನೂ ಸೊಪ್ಪಿನ ಬೆಟ್ಟದ ದರಕನ್ನೂ ಮಾದರಿಗೆ ಸೇರಿಸಬೇಕು.

ಒಂದು ಸಹಕಾರ ಸಂಘದ ನಿರ್ಣಯದಿಂದ ದೆಹಲಿ ಅಲುಗಾಡುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ಕಂಬ್ರಿಯಾದ ಕುರಿಗಾರರ ಕೈಯಲ್ಲಿ ಹಳೆಯ ಅಳತೆಯ ಒಂದು ಕಾಗದವೂ ಇರಲಿಲ್ಲ, ಇಪ್ಪತ್ತಾರು ವರ್ಷ ಯಾರ ಮಾತನ್ನು ನಂಬಬೇಕೆಂದು ತಿಳಿಯದೆ ಕಳೆದರು. ನಮ್ಮ ಬಳಿ ಆ ಕಾಗದವಿರಲಿ. ಅದರ ಅಗತ್ಯ ಎಂದೂ ಬಾರದಿರಲಿ ಎಂದು ಹಾರೈಸುತ್ತ, ಸದಸ್ಯರು ತಮ್ಮ ಅಭಿಪ್ರಾಯಗಳನ್ನು ಸಂಘದ ಕಚೇರಿಗೆ ಬರೆದು ತಿಳಿಸಬೇಕಾಗಿ ಕೋರುತ್ತೇನೆ.

— ಕಾರ್ಯದರ್ಶಿ