ಅಡಿಗೆಮನೆಯ ಮಾತು: ಬಿಸಿಹಾಲಿನಲ್ಲಿ ಅರಳುವ ಚಾಕಲೇಟು ಗೋಳ

ಪುಷ್ಯಮಾಸವು ಸಮೀಪಿಸುತ್ತಿರುವ ಈ ದಿನಗಳಲ್ಲಿ ನಮ್ಮ ಮೈಸೂರಿನ ಗೃಹಿಣಿಯರಿಗೆ ಸಂಕ್ರಾಂತಿಯ ಎಳ್ಳಿನ ಯೋಚನೆ ಹತ್ತುವುದು ಸಹಜವೇ ಆಗಿದೆ. ಕೊಬ್ಬರಿಯನ್ನೂ ಅಚ್ಚುಬೆಲ್ಲವನ್ನೂ ಸಣ್ಣಗೆ ಹೆಚ್ಚಿ ಬಿಸಿಲಿಗೆ ಹರಡುವ ಕಾಲವಿದು. ಸಕ್ಕರೆ ಅಚ್ಚಿನ ಮರದ ಪಡಿಗಳನ್ನು ಅಟ್ಟದಿಂದ ಇಳಿಸುವ ಕಾಲವೂ ಇದೇ. ಇಂತಹ ಸಮಯದಲ್ಲಿ ಚಾಕಲೇಟಿನ ಪ್ರಸ್ತಾಪವೇಕೆಂದು ವಾಚಕರು ಕೇಳಬಹುದು. ಪ್ರಸ್ತಾಪವನ್ನು ತೆಗೆದವರು ನಾವಲ್ಲ, ಮನೆಯ ಮಕ್ಕಳು.

ಪದಾರ್ಥವು ಇಂತಿರುವುದು: ಚಾಕಲೇಟಿನಿಂದ ಎರಕಹೊಯ್ದ ಒಂದು ಪೊಳ್ಳು ಗೋಳ, ಅದರೊಳಗೆ ಕೋಕೋ ಪುಡಿ, ಸಕ್ಕರೆ, ಮೆತ್ತನೆಯ ಮಿಠಾಯಿಯ ತುಣುಕುಗಳು. ಇದನ್ನು ಬಟ್ಟಲಿನಲ್ಲಿಟ್ಟು ಕುದಿಬಂದ ಹಾಲನ್ನು ಎರೆದರೆ ಚಿಪ್ಪು ಕರಗಿ ಬಾಯ್ದೆರೆದು, ಒಳಗಿನದೆಲ್ಲವೂ ಮೇಲಕ್ಕೆ ತೇಲಿಬರುತ್ತದೆ. 2020ರ ಚಳಿಗಾಲದಲ್ಲಿ, ಮಹಾವ್ಯಾಧಿಯ ದೆಸೆಯಿಂದ ಜನರು ಮನೆಯೊಳಗೇ ಉಳಿದಿದ್ದಾಗ, ಅಮೆರಿಕಾ ದೇಶದಲ್ಲಿ ಇದರ ಹುಚ್ಚು ಹಬ್ಬಿತು. ಅಲ್ಲಿಂದ ಕ್ರಿಸ್ಮಸ್ಸಿನ ತಿನಿಸಾಗಿ ಎಲ್ಲೆಡೆಗೂ ಹರಡಿತು. ಅವರು ಇದಕ್ಕೆ ಇಟ್ಟಿರುವ ಹೆಸರು ‘ಬಾಂಬು’. ಮಕ್ಕಳು ಕುಡಿಯುವ ಹಾಲಿಗೆ ಯುದ್ಧದ ಹೆಸರು ಏಕೋ ನಾವರಿಯೆವು. ನಾವು ಗೋಳವೆನ್ನುತ್ತೇವೆ. ಮಕ್ಕಳು ಇನ್ನೂ ಒಪ್ಪಿಲ್ಲ.

ಹೋದ ವರ್ಷ ಚಾಮರಾಜಪುರಂನ ನಮ್ಮ ಮನೆಯಲ್ಲಿ ಮಾಡಿದ ಮೊದಲ ಪ್ರಯತ್ನವು ಪೂರ್ತಿಯಾಗಿ ಕೆಟ್ಟುಹೋಯಿತೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ. ತಪ್ಪು ನಮ್ಮದೇ. ಸಕ್ಕರೆ ಅಚ್ಚು ಹೊಯ್ದು ಅಭ್ಯಾಸವಾದ ಕೈ. ಅಚ್ಚು ಎಂದರೆ ನೀರಿನಲ್ಲಿ ನೆನೆಯಿಸತಕ್ಕದ್ದೆಂದು ಅದಕ್ಕೆ ಗೊತ್ತು. ಅದರಂತೆಯೇ ಹೊಸ ಅಚ್ಚನ್ನೂ ನೀರಿನಲ್ಲಿ ಅದ್ದಿ ತೆಗೆದು, ಒರೆಸಿದಂತೆ ಮಾಡಿ, ಕರಗಿದ ಚಾಕಲೇಟನ್ನು ಸುರಿದೆವು. ಚಮಚವನ್ನು ಆಡಿಸುತ್ತಿದ್ದಂತೆಯೇ ಅದು ಒಡೆದು, ಗಂಟುಗಂಟಾಗಿ, ಹದಗೆಟ್ಟ ಕೆಸರಿನಂತಾಯಿತು. “ಅಜ್ಜಿ, ಇದು ಮಣ್ಣಾಗಿಹೋಯಿತಲ್ಲ!” ಎಂದು ಚಿಕ್ಕವಳು ಕಣ್ಣು ತುಂಬಿಕೊಂಡಳು. ಮಿಕ್ಕಿದ್ದ ಚಾಕಲೇಟಿನಿಂದ ಆತುರಾತುರವಾಗಿ ಹೊಯ್ದ ನಾಲ್ಕು ಚಿಪ್ಪುಗಳ ಮೇಲೆ ಮಾರನೆಯ ಬೆಳಿಗ್ಗೆಯ ಹೊತ್ತಿಗೆ ಬೂದಿಬಳಿದಂತೆ ಬಿಳಿಯ ಪೊರೆ ಎದ್ದಿತ್ತು. ಬೂಷ್ಟು ಬಂದಿತೆಂದು ಎಸೆದುಬಿಟ್ಟೆವು. ಅದು ಬೂಷ್ಟಲ್ಲವೆಂಬುದು ಆಮೇಲೆ ತಿಳಿಯಿತು.

ಈ ಎರಡು ನಷ್ಟಗಳ ಕಾರಣವನ್ನು ವಿಚಾರಿಸಿದಾಗಲೇ ನಮಗೆ ಈ ಕೆಲಸದ ಮರ್ಮವು ತಿಳಿದದ್ದು. ಚಾಕಲೇಟಿನಲ್ಲಿರುವುದು ಕೋಕೋವಿನ ನುಣುಪಾದ ಹುಡಿ, ಸಕ್ಕರೆಯ ಹುಡಿ, ಕೋಕೋ ಬೆಣ್ಣೆ, ನೀರಿಲ್ಲವೆನ್ನುವಷ್ಟು ಕಡಿಮೆ. ಕರಗಿದ್ದಾಗ ಅದಕ್ಕೆ ಒಂದೆರಡು ಹನಿ ನೀರು ಸೋಕಿದರೆ ಸಕ್ಕರೆಯು ಆ ನೀರನ್ನು ಹೀರಿ ಅಂಟಾಗಿ, ಒಂದು ಕಣ ಇನ್ನೊಂದನ್ನು ಹಿಡಿದುಕೊಂಡು ಎಲ್ಲವೂ ಗಂಟಾಗುತ್ತದೆ. ಇನ್ನು ಬಿಳಿಯ ಪೊರೆಯ ವಿಷಯ. ಕೋಕೋ ಬೆಣ್ಣೆಯು ಹೆಪ್ಪುಗಟ್ಟುವಾಗ ಆರು ಬಗೆಯ ಹರಳುಗಳಾಗಬಲ್ಲದೆಂದು ಶಾಸ್ತ್ರಜ್ಞರು ಎಣಿಸಿದ್ದಾರೆ. ಅವುಗಳಲ್ಲಿ ಐದನೆಯ ಬಗೆಯೊಂದೇ ನಮಗೆ ಬೇಕಾದುದು: ಅದರಿಂದಲೇ ಹೊಳಪು, ಮುರಿದರೆ ಟಪ್ಪೆನ್ನುವ ಗಡಸು, ಅಚ್ಚಿನಿಂದ ತಾನಾಗಿ ಬಿಟ್ಟುಕೊಳ್ಳುವ ಗುಣ. ಸುಮ್ಮನೆ ಕರಗಿಸಿ ಸುಮ್ಮನೆ ಆರಿಸಿದರೆ ಬೇರೆ ಹರಳುಗಳು ಸೇರಿಕೊಂಡು, ಕೊಬ್ಬು ಮೇಲಕ್ಕೆ ಒಸರಿ ಬೆಳ್ಳಗಾಗುತ್ತದೆ. ತಿಂದರೆ ಹಾನಿಯಿಲ್ಲ, ನೋಟ ಮಾತ್ರ ಕೆಟ್ಟಿತು.

ಸಕ್ಕರೆ ಅಚ್ಚು ಮಾಡಿದವರಿಗೆ ಇದು ಹೊಸ ಪಾಠವೇನಲ್ಲ. ಸಕ್ಕರೆಯನ್ನು ನೀರಿನಲ್ಲಿ ಕುದಿಯಿಸಿ, ಹಾಲು ಬಿಟ್ಟು ಕೊಳೆಯನ್ನು ಮೇಲೆಬ್ಬಿಸಿ, ಬಟ್ಟೆಯಲ್ಲಿ ಶೋಧಿಸಿ, ಸ್ವಲ್ಪಸ್ವಲ್ಪವಾಗಿ ಸಣ್ಣ ಬಾಣಲೆಯಲ್ಲಿ ಪಾಕಕ್ಕೆ ತರುವಾಗ, ನಮ್ಮ ಅತ್ತೆಯವರು ಸೌಟಿನ ಹಿಂಬದಿಯಿಂದ ಪಾಕವನ್ನು ಬಾಣಲೆಯ ಅಂಚಿಗೆ ತಿಕ್ಕಿತಿಕ್ಕಿ ಮಬ್ಬು ಬಂದ ಕ್ಷಣದಲ್ಲೇ ಅಚ್ಚಿಗೆ ಎರೆಯುತ್ತಿದ್ದರು. ಮಬ್ಬು ಬರುವುದೆಂದರೆ ನುಣ್ಣನೆಯ ಹರಳು ಹುಟ್ಟುವುದು. ತಿಕ್ಕದೆ ಎರೆದರೆ ಗಿಣಿಯೂ ಆನೆಯೂ ಗೊರಗೊರಗಾಗಿ, ರೆಕ್ಕೆ ಸೊಂಡಿಲು ಮುರಿದುಬರುವುವು. ಅಲ್ಲಿ ಸಕ್ಕರೆಯ ಹರಳು, ಇಲ್ಲಿ ಬೆಣ್ಣೆಯ ಹರಳು. ಹದ ಕಾಯುವ ತಾಳ್ಮೆ ಒಂದೇ. ಒಂದೇ ವ್ಯತ್ಯಾಸವೆಂದರೆ, ಅಲ್ಲಿ ನೀರು ಗೆಳೆಯ, ಇಲ್ಲಿ ಹಗೆ.

ಈಗ ವಿಧಾನ. ಸುಮಾರು 6 ಸೆಂಟಿಮೀಟರು ಅಡ್ಡಳತೆಯ ಅರೆಗೋಳದ ಸಿಲಿಕೋನ್ ಅಚ್ಚು ಬೇಕು. ಮರದ ಅಚ್ಚು ಬಾಗದಾದುದರಿಂದ ತೆಳುವಾದ ಚಿಪ್ಪನ್ನು ಬಿಡಿಸಲು ಅದರಲ್ಲಿ ಸಾಧ್ಯವಾಗದು. ಆರು ಗೋಳಗಳಿಗೆ 300 ಗ್ರಾಂ ಕಪ್ಪು ಚಾಕಲೇಟು ಸಾಕು, ಸ್ವಲ್ಪ ಉಳಿದೀತು. ಕೊಳ್ಳುವಾಗ ಹೊದಿಕೆಯ ಮೇಲಿನ ಪದಾರ್ಥಗಳ ಪಟ್ಟಿಯನ್ನು ಓದಿರಿ. ‘ಕಾಂಪೌಂಡ್’ ಎಂದು ಮಾರುವುದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು ಇರುವುದು. ಅದಕ್ಕೆ ಹದಮಾಡುವ ಗೋಜಿಲ್ಲ, ಮೊದಲ ಬಾರಿಗೆ ಮಾಡುವವರಿಗೆ ಅನುಕೂಲವೇ. ಆದರೆ ಬಾಯಲ್ಲಿ ಮೇಣದಂತೆ ಉಳಿಯುವ ಅದರ ರುಚಿಯನ್ನು ನಾವು ಮೆಚ್ಚಲಾರೆವು.

ಚಾಕಲೇಟನ್ನು ಸಣ್ಣಗೆ ಹೆಚ್ಚಿ, ಮೂರರಲ್ಲಿ ಒಂದು ಪಾಲನ್ನು ಎತ್ತಿಡಿ. ಉಳಿದ ಎರಡು ಪಾಲನ್ನು ಚೆನ್ನಾಗಿ ಒಣಗಿದ ಪಾತ್ರೆಯಲ್ಲಿ ಹಾಕಿ, ಬಿಸಿನೀರಿನ ಪಾತ್ರೆಯ ಮೇಲೆ, ಕೆಳಗಿನ ನೀರು ತಾಗದಂತೆ ಇಟ್ಟು ಕರಗಿಸಿ. 45ರಿಂದ 50 ಡಿಗ್ರಿ ಸೆಲ್ಸಿಯಸ್ ಆದೊಡನೆ ಇಳಿಸಿ, ಪಾತ್ರೆಯ ತಳವನ್ನು ಒರೆಸಿ, ಎತ್ತಿಟ್ಟ ಪಾಲನ್ನು ಹಿಡಿಹಿಡಿಯಾಗಿ ಸೇರಿಸುತ್ತ ಬಿಡದೆ ತಿರುವಿ. ಈ ಕರಗದ ಚೂರುಗಳಲ್ಲಿ ಒಳ್ಳೆಯ ಹರಳುಗಳು ಮೊದಲೇ ಇರುತ್ತವೆ. ಹಾಲಿಗೆ ಹೆಪ್ಪು ಹಾಕಿದಂತೆ ಅವು ಮಿಕ್ಕುದನ್ನೆಲ್ಲ ತಮ್ಮ ಬಗೆಗೆ ತರುತ್ತವೆ. 31 ಅಥವಾ 32 ಡಿಗ್ರಿಗೆ ಇಳಿದಾಗ ಹದವಾಯಿತು. ಹಾಲು ಸೇರಿದ ಚಾಕಲೇಟಾದರೆ 29-30. ಉಷ್ಣಮಾಪಕ ಇಲ್ಲದವರು ಒಂದು ಹನಿಯನ್ನು ಕೆಳತುಟಿಯ ಕೆಳಗೆ ಮುಟ್ಟಿಸಿಕೊಂಡು ನೋಡಲಿ. ಬೆಚ್ಚಗಲ್ಲ, ತುಸು ತಣ್ಣಗೆ ತೋರಬೇಕು. ಚಾಕುವಿನ ತುದಿಯನ್ನು ಅದ್ದಿಟ್ಟರೆ ಐದಾರು ನಿಮಿಷದಲ್ಲಿ ಹೊಳಪಾಗಿ ಗಟ್ಟಿಯಾಗಬೇಕು. ಕೋಕೋ ಬೆಣ್ಣೆಯು 34 ಡಿಗ್ರಿಯ ಆಸುಪಾಸಿನಲ್ಲೇ ಕರಗುವುದರಿಂದ ಚೈತ್ರ ವೈಶಾಖಗಳಲ್ಲಿ ಇದರ ಗೊಡವೆಗೇ ಹೋಗಬಾರದು. ಈಗಿನ ದಿನಗಳಲ್ಲಿ, ಚಾಮರಾಜನಗರದ ಕಡೆಯ ಸಂಜೆಯ ಗಾಡಿ ನಮ್ಮ ನಿಲ್ದಾಣವನ್ನು ಬಿಟ್ಟ ಮೇಲೆ ಗಾಳಿ ತಣ್ಣಗಾಗುತ್ತದೆ. ನಾವು ಆ ಹೊತ್ತನ್ನೇ ಆರಿಸಿಕೊಂಡಿದ್ದೇವೆ.

ಒಣ ಅಚ್ಚಿನೊಳಗೆ ಒಂದು ಚಮಚ ಹಾಕಿ ಅಂಚಿನವರೆಗೂ ಸವರಿ, ಆರಿದ ಮೇಲೆ ಇನ್ನೊಮ್ಮೆ ಸವರಿ. ಅಂಚು ದಪ್ಪವಾಗಿರಲಿ; ಒಡೆಯುವುದೆಲ್ಲ ಅಲ್ಲಿಯೇ. ಗಟ್ಟಿಯಾದ ಚಿಪ್ಪುಗಳನ್ನು ಬಿಡಿಸಿ, ಬೆಚ್ಚಗಿನ ತಟ್ಟೆಯ ಮೇಲೆ ಒಂದರ ಅಂಚನ್ನು ಕ್ಷಣಮಾತ್ರ ಒತ್ತಿ ಸಮಮಾಡಿ, ಅದರೊಳಗೆ ಎರಡು ಟೀ ಚಮಚ ಕೋಕೋ ಪುಡಿ, ಒಂದು ಟೀ ಚಮಚ ಸಕ್ಕರೆ ಪುಡಿ, ಚಿಟಿಕೆ ಏಲಕ್ಕಿ ತುಂಬಿ, ಇನ್ನೊಂದರ ಅಂಚನ್ನೂ ಹಾಗೆಯೇ ಕಾಯಿಸಿ ಮುಚ್ಚಿದರೆ ಬೆಸೆದುಕೊಳ್ಳುವುವು.

ಒಳಗಿಡುವ ಮೆತ್ತನೆಯ ಮಿಠಾಯಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಪಾಶ್ಚಾತ್ಯರು ಹಾಕುವ ಮಾರ್ಷ್‌ಮೆಲೊ ಎಂಬುದು ಸಾಮಾನ್ಯವಾಗಿ ಪ್ರಾಣಿಗಳ ಚರ್ಮ ಮೂಳೆಗಳಿಂದ ತೆಗೆದ ಜಿಲಟಿನ್ನಿನಿಂದ ಆದುದು. ಹೆಸರು ತಿಳಿಯದೆ ತಂದು, ಮಡಿಯ ಮನೆಯಲ್ಲಿ ಹಬ್ಬದ ದಿನ ಹಂಚಿದವರು ಉಂಟು. ಹೊದಿಕೆಯ ಮೇಲೆ ಹಸಿರು ಚುಕ್ಕೆಯಿರುವುದನ್ನು ಆರಿಸಬಹುದು. ನಾವು ಅದರ ಗೊಡವೆಯೇ ಬೇಡವೆಂದು, ಜಾತ್ರೆಯ ಬೆಂಡು ಬತ್ತಾಸಿನಲ್ಲಿ ಬತ್ತಾಸನ್ನು ಆರಿಸಿಕೊಂಡೆವು. ನಾಲ್ಕೈದು ಸಣ್ಣ ಬತ್ತಾಸು ಹಾಕಿದರೆ, ಚಿಪ್ಪು ಬಾಯ್ದೆರೆದಾಗ ಹಗುರವಾಗಿ ತೇಲಿಬಂದು, ನೋಡುನೋಡುತ್ತ ಕರಗಿಹೋಗುತ್ತವೆ. ಬತ್ತಾಸು ಹಾಕಿದಾಗ ಸಕ್ಕರೆ ಪುಡಿಯನ್ನು ಬಿಟ್ಟುಬಿಡಿ.

ಚಾಕಲೇಟು ಪರದೇಶದ ವಸ್ತುವೆಂದು ಮೂಗುಮುರಿಯುವ ಹಿರಿಯರು ನಮ್ಮ ಬೀದಿಯಲ್ಲಿಯೂ ಇದ್ದಾರೆ. ಮರದ ಮೂಲ ದಕ್ಷಿಣ ಅಮೆರಿಕಾವೆಂಬುದು ನಿಜ. ಆದರೆ ಮೆಣಸಿನಕಾಯಿಯೂ ಆ ಖಂಡಗಳಿಂದಲೇ ಬಂದದ್ದು. ಅದಿಲ್ಲದೆ ನಾವು ಸಾರು ಮಾಡುತ್ತೇವೆಯೇ? ದಕ್ಷಿಣ ಕನ್ನಡ ಕಾಸರಗೋಡುಗಳ ಅಡಿಕೆ ತೋಟಗಳ ನೆರಳಿನಲ್ಲಿ ಈಗ ಕೋಕೋ ಬೆಳೆಯುತ್ತದೆ. ಬೆಲೆ ಕುಸಿದು, ಕೊಳ್ಳುವವರಿಲ್ಲದೆ ರೈತರು ಕಂಗಾಲಾಗಿದ್ದಾಗ, 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾಗಿದ್ದ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಮುಂದೆ ಬಂದು ಕೋಕೋವನ್ನು ಕೊಂಡಿತು. 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕಲೇಟು ಕಾರ್ಖಾನೆಯನ್ನು ತೆರೆಯಿತು. ಇದನ್ನು ಹೇಳಿದ ಮೇಲೆ ಎದುರುಮನೆಯ ಯಜಮಾನರು ಒಂದು ಬಟ್ಟಲನ್ನು ಕುಡಿದರು. ಇನ್ನೊಂದನ್ನು ಕೇಳಲಿಲ್ಲವಾದರೂ ಬಟ್ಟಲಿನ ತಳದಲ್ಲಿ ಏನನ್ನೂ ಉಳಿಸಲಿಲ್ಲ.

ಹಾಲೆರೆಯುವುದು ದೊಡ್ಡವರ ಕೆಲಸ, ಇದರಲ್ಲಿ ರಿಯಾಯಿತಿಯಿಲ್ಲ. ಗೋಳ ಕರಗಬೇಕಾದರೆ ಹಾಲು ಆಗತಾನೇ ಉಕ್ಕಿದ್ದಿರಬೇಕು, ಅದನ್ನು ನೋಡಲೆಂದೇ ಮಕ್ಕಳು ಮುಖವನ್ನು ಬಟ್ಟಲಿನ ಮೇಲೆ ಬಗ್ಗಿಸುತ್ತಾರೆ. ಗೋಳವನ್ನು ಮೇಲಿನಿಂದ ಹಾಕಿ ಹಾಲನ್ನು ಎರಚಬೇಡಿ. ಅಗಲಬಾಯಿಯ, 300 ಮಿಲಿಲೀಟರಿನ ಪಿಂಗಾಣಿ ಬಟ್ಟಲಿನಲ್ಲಿ ಮೊದಲು ಗೋಳವನ್ನಿಟ್ಟು, 200 ಮಿಲಿಲೀಟರು ಹಾಲನ್ನು ಸಣ್ಣ ಧಾರೆಯಾಗಿ ಬಿಡಿ. ಸ್ಟೀಲಿನ ಲೋಟ ಬೇಡ, ಕೈ ಸುಡುವುದು. ಕದಡಿ, ಉಗುರುಬೆಚ್ಚಗಾದ ಮೇಲೆಯೇ ಕೈಗೆ ಕೊಡಿ.

ಈ ಸಲದ ಸಂಕ್ರಾಂತಿಗೆ ನಮ್ಮ ಮನೆಯಲ್ಲಿ ಒಂದು ವ್ಯಾಜ್ಯ ನಡೆದಿದೆ. ಎಳ್ಳು ಬೀರುವ ತಟ್ಟೆಯಲ್ಲಿ ಸಕ್ಕರೆ ಅಚ್ಚಿನ ಬದಲು ಗೋಳಗಳನ್ನೇ ಇಡೋಣವೆಂದು ಚಿಕ್ಕವಳ ವಾದ. ಬಿಸಿಲಿನಲ್ಲಿ ಮನೆಮನೆ ತಿರುಗುವಾಗ ಕರಗಿ ರೇಷ್ಮೆಯ ಲಂಗಕ್ಕೆ ಹತ್ತುವುದೆಂದು ಅವಳ ತಾಯಿಯ ಆಕ್ಷೇಪ. ಕೊನೆಗೆ ತೀರ್ಮಾನ ಹೀಗಾಯಿತು: ತಟ್ಟೆಯಲ್ಲಿ ಸಕ್ಕರೆ ಅಚ್ಚೇ ಇರತಕ್ಕದ್ದು, ಮತ್ತು ಅದನ್ನು ಅಂಗಡಿಯಿಂದ ತರದೆ ಅವಳೇ ನಮ್ಮ ಬಳಿ ಕುಳಿತು ಹೊಯ್ಯತಕ್ಕದ್ದು, ಬೀರಿಬಂದ ಸಂಜೆ ಗೋಳ. ನಿನ್ನೆ ಮರದ ಪಡಿಗಳನ್ನು ಇಳಿಸಿದೆವು. ಗಿಣಿಯ ಜೋಡಿಯಲ್ಲಿ ಒಂದು ಪಡಿ ಕಾಣೆಯಾಗಿದೆ, ಹುಡುಕುತ್ತಿದ್ದೇವೆ.