ಮಾತ್ರೆಯೂ ಬೇಕು, ಮಾತೂ ಬೇಕು

ಗೊರವನಹಳ್ಳಿಯ ಮಹಾಲಕ್ಷ್ಮಿಯ ಸನ್ನಿಧಿಗೆ ಮಂಗಳವಾರ, ಶುಕ್ರವಾರಗಳಂದು ಬರುವ ಭಕ್ತಸಮೂಹದಲ್ಲಿ ಸಾಲಗಾರರು, ಸಂತಾನವಿಲ್ಲದವರು, ಮದುವೆ ಕೂಡಿಬಾರದವರು ಇರುವಂತೆಯೇ ಮನಸ್ಸು ಕದಡಿದವರನ್ನು ಕರೆತಂದವರೂ ಇರುತ್ತಾರೆ. ಯಾರೊಡನೆಯೂ ಮಾತಾಡದೆ ಮೂಲೆ ಹಿಡಿದ ಮಗ, ಹೆರಿಗೆಯಾದಂದಿನಿಂದ ಕೂಸನ್ನು ಮುಟ್ಟಲೊಲ್ಲದ ಸೊಸೆ, ರಾತ್ರಿಯೆಲ್ಲ ಎದ್ದು ಕುಳಿತಿರುವ ಯಜಮಾನ, ಇಂಥವರಿಗಾಗಿ ಹರಕೆ ಹೊತ್ತ ಮನೆಯವರು ಅವರು. ಅವರನ್ನು ಕಂಡು ಮೂಢರೆಂದು ನಗುವ ವಿದ್ಯಾವಂತರು ನಮ್ಮಲ್ಲಿ ಉಂಟು. ಇನ್ನೆಲ್ಲಿಗೆ ಹೋಗಬೇಕಾಗಿತ್ತೆಂಬುದನ್ನು ಆ ಮನೆಯವರಿಗೆ ತಿಳಿಯಹೇಳಿದ ವಿದ್ಯಾವಂತರು ಎಷ್ಟು ಮಂದಿಯೋ!

ಮನೋರೋಗವು ಔಷಧದಿಂದ ವಾಸಿಯಾಗುವುದೋ ಮಾತಿನಿಂದ ವಾಸಿಯಾಗುವುದೋ ಎಂಬ ಚರ್ಚೆ ಬಹಳ ಕಾಲದಿಂದ ನಡೆದುಬಂದಿದೆ. ನನ್ನ ಅಭಿಪ್ರಾಯದಲ್ಲಿ ಇದು ಎರಡೂ ಕೈಗೆಟುಕುವವರ ಚರ್ಚೆ. ನಮ್ಮ ಕೊರಟಗೆರೆ, ಮಧುಗಿರಿ, ಪಾವಗಡಗಳ ಹಳ್ಳಿಗರಿಗೆ ಮಾತ್ರೆ ಅಲ್ಪಸ್ವಲ್ಪ ದೊರೆಯುತ್ತಿದೆ, ಮಾತಂತೂ ದೊರೆಯುತ್ತಿಲ್ಲ.

ಔಷಧವನ್ನು ಹಳಿಯುವವರು ಮೊದಲು ಅದರ ಚರಿತ್ರೆಯನ್ನು ನೋಡಬೇಕು. ಬೆಂಗಳೂರಿನ ಹುಚ್ಚಾಸ್ಪತ್ರೆ ಆರಂಭವಾದುದು 1847ರಲ್ಲಿ. 1925ರಲ್ಲಿ ಅದು ಮಾನಸಿಕ ಆಸ್ಪತ್ರೆಯೆನಿಸಿತು. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿ, 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಹೆಸರು ಇಷ್ಟು ಬಾರಿ ಬದಲಾದರೂ ನಮ್ಮ ಹಾಸ್ಟೆಲಿನ ಗೆಳೆಯರ ಬಾಯಲ್ಲಿ ಅದಿನ್ನೂ ಹುಚ್ಚಾಸ್ಪತ್ರೆಯೇ! ಆ ಮೊದಲ ನೂರು ವರ್ಷಗಳಲ್ಲಿ ಚಿತ್ತಭ್ರಮೆಗೆ ನೆಚ್ಚಬಹುದಾದ ಔಷಧವೆಂಬುದೇ ವೈದ್ಯರ ಕೈಯಲ್ಲಿರಲಿಲ್ಲ. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬುವರು ನಮ್ಮ ನಾಟಿವೈದ್ಯರಿಗೂ ಪರಿಚಿತವಾದ ಸರ್ಪಗಂಧಿಯ ಬೇರು ಉನ್ಮಾದವನ್ನೂ ರಕ್ತದೊತ್ತಡವನ್ನೂ ಇಳಿಸುವುದೆಂದು ಬರೆದರು. ಇಪ್ಪತ್ತು ವರ್ಷಗಳ ಮೇಲೆ, 1952ರಲ್ಲಿ, ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞರು ಅದೇ ಬೇರಿನಿಂದ ರೆಸರ್ಪಿನ್ ಎಂಬ ಸತ್ತ್ವವನ್ನು ತೆಗೆದ ಮೇಲೆಯೇ ಜಗತ್ತು ಅತ್ತ ನೋಡಿತು. ಆಸ್ಟ್ರೇಲಿಯದ ಜಾನ್ ಕೇಡ್ 1949ರಲ್ಲಿ ಲಿಥಿಯಮ್ಮಿನ ಗುಣವನ್ನು ಕಂಡರು. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜಿನ್ ಬಳಕೆಗೆ ಬಂತು. ಕಟ್ಟಿಹಾಕಿದ್ದವರನ್ನು ಬಿಚ್ಚುವುದು ಇವುಗಳಿಂದ ಸಾಧ್ಯವಾಯಿತು. ಔಷಧ ತಲುಪದ ಕಡೆ ಸರಪಳಿ ಉಳಿಯಿತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ರೋಗಿಗಳು ಓಡಲಾರದೆ 28 ಮಂದಿ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಸರಪಳಿಯನ್ನು ನಿಷೇಧಿಸಿದೆ.

ಆದುದರಿಂದ ಸ್ಕಿಜೋಫ್ರೇನಿಯದಂಥ ರೋಗಕ್ಕೆ ಬರಿಯ ಸಾಂತ್ವನ ಸಾಲದು. 'ಮಾತ್ರೆ ಚಟ ಹಿಡಿಯುತ್ತದೆ' ಎಂದು ಹೇಳಿ ನಿಲ್ಲಿಸಿಬಿಡುವ ನೆಂಟರು ಮಹದಪಕಾರ ಮಾಡುತ್ತಾರೆ. ಚಟ ಹಿಡಿಸುವವು ಮುಖ್ಯವಾಗಿ ಕೆಲವು ನಿದ್ರೆಯ ಗುಳಿಗೆಗಳು. ಖಿನ್ನತೆಯ ಮಾತ್ರೆಯಾದರೋ ಗುಣ ತೋರಲು ಎರಡು ಮೂರು ವಾರ ಹಿಡಿಯುತ್ತದೆ. ಅಷ್ಟರಲ್ಲಿ ಬೇಸತ್ತು ಬಿಡುವವರು ಬಹಳ, ಗುಣವಾಯಿತೆಂದು ತಾವೇ ಬಿಡುವವರು ಇನ್ನೂ ಬಹಳ. ಹೀಗೆ ಬಿಡದಂತೆ ನೋಡಿಕೊಳ್ಳುವುದಕ್ಕೂ ಮಾತೇ ಬೇಕಷ್ಟೆ. ಇನ್ನು ಖಿನ್ನತೆ ಸೌಮ್ಯವಾಗಿದ್ದರೆ ಮಾತ್ರೆಯ ಅಗತ್ಯವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಮಾತಿನ ಚಿಕಿತ್ಸೆಯೆಂದರೆ 'ಧೈರ್ಯವಾಗಿರು, ಎಲ್ಲ ಸರಿಹೋಗುತ್ತದೆ' ಎಂದು ಬೆನ್ನು ತಟ್ಟುವುದಲ್ಲ. ದಿನವೊಂದಕ್ಕೆ ಏನು ಮಾಡಿದೆ, ಏನನ್ನು ಬಿಟ್ಟೆ, ಯಾವ ಯೋಚನೆ ಬಂದಾಗ ಕೈಕಾಲು ಸೋತವು ಎಂಬುದನ್ನು ರೋಗಿಯ ಜೊತೆ ಕುಳಿತು ಎಳೆಎಳೆಯಾಗಿ ಬಿಡಿಸಿ, ಬಿಟ್ಟ ಕೆಲಸಗಳನ್ನು ಒಂದೊಂದಾಗಿ ಮತ್ತೆ ಹಿಡಿಸುವ ಕ್ರಮಬದ್ಧ ವಿದ್ಯೆ ಅದು. ಇದಕ್ಕೆ ಭಾಷೆಯೇ ಉಪಕರಣ. ನಮ್ಮ ಸೀಮೆಯ ಹೆಂಗಸು 'ನನಗೆ ಖಿನ್ನತೆ' ಎನ್ನುವುದಿಲ್ಲ. 'ಎದೆ ಭಾರ', 'ತಲೆ ಗಿಮ್ಮೆನ್ನುತ್ತದೆ', 'ಗಾಳಿ ಸೋಕಿದೆ' ಎನ್ನುತ್ತಾಳೆ. ಇದನ್ನು ಕೇಳಿಸಿಕೊಳ್ಳಲು ಎರಡು ನಿಮಿಷ ಸಾಲದು. 'ಕೊರವಂಜಿ'ಯಲ್ಲಿ ನಾಡನ್ನೇ ನಗಿಸಿದ ರಾಶಿಯವರು, ಅಂದರೆ ಡಾಕ್ಟರ್ ಎಂ. ಶಿವರಾಂ ಅವರು, ಮನೋವೈದ್ಯವನ್ನು ಕುರಿತು ಕನ್ನಡದಲ್ಲಿ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಈ ವಿದ್ಯೆಗೆ ಕನ್ನಡ ಸಾಲದೆಂದು ಯಾರೂ ಹೇಳುವಂತಿಲ್ಲ.

ದೇವಾಲಯದ ವಿಷಯದಲ್ಲಿಯೂ ಒಂದು ಮಾತುಂಟು. ನಿಮ್ಹಾನ್ಸಿನ ವೈದ್ಯರು ತಮಿಳುನಾಡಿನ ಮುತ್ತುಸ್ವಾಮಿ ದೇವಾಲಯದಲ್ಲಿ ತಂಗಿದ್ದ 31 ಮಂದಿ ರೋಗಿಗಳನ್ನು ಪರೀಕ್ಷಿಸಿ 2002ರಲ್ಲಿ ವರದಿ ಮಾಡಿದರು. ಸರಾಸರಿ ಆರು ವಾರಗಳ ವಾಸದಲ್ಲಿ ರೋಗಲಕ್ಷಣಗಳು ಸುಮಾರು ಐದರಲ್ಲೊಂದು ಪಾಲು ತಗ್ಗಿದ್ದವು. ಅಲ್ಲಿ ವಿಶೇಷ ಮಂತ್ರತಂತ್ರಗಳೇನೂ ಇರಲಿಲ್ಲ. ಮನೆಯವರೊಬ್ಬರು ಜೊತೆಗಿದ್ದರು, ಗುಡಿಯ ಸಣ್ಣಪುಟ್ಟ ಕೆಲಸವಿತ್ತು, ಗದರಿಸುವವರಿರಲಿಲ್ಲ. ಇದು ಔಷಧದ ಬದಲಿಗೆ ಗುಡಿಯೆಂಬುದಕ್ಕೆ ಸಾಕ್ಷಿಯಲ್ಲ. ಅಕ್ಕರೆಯ ಆವರಣವೂ ಚಿಕಿತ್ಸೆಯ ಒಂದು ಭಾಗವೆಂಬುದಕ್ಕೆ ಸಾಕ್ಷಿ.

ಮಾತಾಡುವ ವೈದ್ಯರೆಲ್ಲಿದ್ದಾರೆಂದು ಕೇಳಬಹುದು. ಗೋವೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವೈದ್ಯರಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ತೀವ್ರ ಖಿನ್ನತೆಯವರೊಡನೆ ಆರರಿಂದ ಎಂಟು ಸಲ ಕುಳಿತು ಮಾತಾಡಿಸಿದುದರಿಂದ ಸ್ಪಷ್ಟವಾದ ಗುಣ ಕಂಡುದು 2017ರಲ್ಲಿ ಪ್ರಕಟವಾಗಿದೆ. ಕರ್ನಾಟಕ ಸರಕಾರ 2014ರಲ್ಲಿ 'ಮನೋಚೈತನ್ಯ'ವೆಂಬ ಹೆಸರಿನಿಂದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯ ಸೇವೆಯನ್ನು ಆರಂಭಿಸಿತು. 2022ರಿಂದ 14416ಕ್ಕೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಈ ಸಂಖ್ಯೆಯನ್ನು ನಮ್ಮ ಕಾಲೇಜಿನ ಗೋಡೆಯ ಮೇಲೆ ನಾನು ಇದುವರೆಗೆ ಕಂಡಿಲ್ಲ.

ಪ್ರತಿ ವರ್ಷವೂ ನಮ್ಮ ಸೇವಾಶಿಬಿರದಲ್ಲಿ ಯಾವುದಾದರೊಂದು ಊರಿನ ಚರಂಡಿ ತೋಡಿ, ಶಾಲೆಗೆ ಸುಣ್ಣ ಬಳಿದು ಬರುತ್ತೇವೆ, ಬೇಡವೆನ್ನುವುದಿಲ್ಲ. ಮನಶ್ಶಾಸ್ತ್ರವನ್ನು ಓದುವ ವಿದ್ಯಾರ್ಥಿಗಳಲ್ಲಿ ಹತ್ತು ಮಂದಿಗೆ ಗೋವೆಯ ರೀತಿಯ ತರಬೇತಿಯನ್ನು ಜಿಲ್ಲೆಯ ಮನೋವೈದ್ಯರಿಂದ ಕೊಡಿಸಿ, ವೈದ್ಯರ ಮೇಲ್ವಿಚಾರಣೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿಯೂ ಶುಕ್ರವಾರ ಗೊರವನಹಳ್ಳಿಯಲ್ಲಿಯೂ ಕೂರಿಸಬಾರದೇಕೆ? ಖರ್ಚು ಹೆಚ್ಚಿಲ್ಲ. ಒಂದು ಮೇಜು, ಎರಡು ಕುರ್ಚಿ, ಸರದಿಯ ಸಾಲಿನಿಂದ ಸ್ವಲ್ಪ ದೂರದಲ್ಲಿ ನೆರಳಿರುವ ಒಂದು ಜಾಗ. ದೇವಸ್ಥಾನದವರು ಬೇಡವೆನ್ನಲಾರರು.