ಮೇಲ್ಮನೆಯ ಸದ್ದು, ಕೆಳಮನೆಯ ನಿದ್ರೆ

ಕೆಲವು ತಿಂಗಳ ಹಿಂದೆ ಬಿಕ್ಕೋಡಿನ ನನ್ನ ಚಿಕಿತ್ಸಾಲಯಕ್ಕೆ ಅರವತ್ತೆಂಟು ವರ್ಷದ ತಾಯಿಯೊಬ್ಬರು ಬಂದರು. ಮೊಮ್ಮಗುವನ್ನು ನೋಡಿಕೊಳ್ಳಲು ಬೆಂಗಳೂರಿಗೆ ಹೋಗಿ, ಮಗನ ಫ್ಲ್ಯಾಟಿನಲ್ಲಿ ನಾಲ್ಕು ತಿಂಗಳಿದ್ದು ಮರಳಿದವರು. ತಲೆಸುತ್ತು, ಅಜೀರ್ಣ, ಎದೆಬಡಿತ. ಹಿಂದೆಂದೂ ಇಲ್ಲದಿದ್ದ ರಕ್ತದೊತ್ತಡ 160/100. “ನಿದ್ದೆಗೆ ಏನಾದರೂ ಔಷಧಿ ಕೊಡಿ ಡಾಕ್ಟರೇ” ಎಂದರು. ಮಹಡಿಯ ಮನೆಯಲ್ಲಿ ರಾತ್ರಿ ಹನ್ನೊಂದರ ನಂತರ ಕುರ್ಚಿ ಎಳೆಯುವ, ಮಕ್ಕಳು ಓಡುವ ಸದ್ದು. ಮುಂಜಾನೆ ಐದಕ್ಕೆ ಕುಟ್ಟಾಣಿಯ ಸದ್ದು. ಮಗ ವಸತಿ ಸಂಘಕ್ಕೆ ಮೂರು ಬಾರಿ ದೂರಿದ್ದರೂ “ನೋಡೋಣ” ಎಂಬುದರಾಚೆಗೆ ಉತ್ತರ ಬಂದಿರಲಿಲ್ಲ.

ಚರಕಾಚಾರ್ಯರು ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ಶರೀರವನ್ನು ಹೊತ್ತು ನಿಲ್ಲಿಸುವ ಮೂರು ಉಪಸ್ತಂಭಗಳೆಂದಿದ್ದಾರೆ. ಕಿವಿಗೆ ಮಿತಿಮೀರಿ ಬೀಳುವ ಶಬ್ದವನ್ನೂ ರೋಗಕಾರಣಗಳಲ್ಲಿ ಎಣಿಸಿದ್ದಾರೆ. ರಾತ್ರಿ ಜಾಗರಣೆಯಿಂದ ರೂಕ್ಷತೆ ಹೆಚ್ಚಿ ವಾತ ಕೆರಳುತ್ತದೆ. ವೃದ್ಧಾಪ್ಯವೇ ವಾತಪ್ರಧಾನವಾದ್ದರಿಂದ ಹಿರಿಯರಿಗೆ ಪೆಟ್ಟು ಹೆಚ್ಚು. ಮಲಗುವ ಕೋಣೆಯಲ್ಲಿ ರಾತ್ರಿ ಶಬ್ದ ಸರಾಸರಿ 30 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೂ 1999ರಲ್ಲಿ ಸಲಹೆ ನೀಡಿದೆ.

ನಮ್ಮ ಮಲೆನಾಡಿನ ಸೆರಗಿನ ಹೆಂಚಿನ ಮನೆಗಳಲ್ಲಿ ತಲೆಯ ಮೇಲೆ ಅಟ್ಟವಿತ್ತು, ಮಳೆಯಿತ್ತು; ಇನ್ನೊಂದು ಸಂಸಾರವಿರಲಿಲ್ಲ. ಕಾಂಕ್ರೀಟ್ ಚಾವಣಿಯಾದರೋ ತನ್ನ ಮೇಲೆ ಬಿದ್ದ ಪ್ರತಿ ಪೆಟ್ಟನ್ನೂ ಗೋಡೆಗಳ ಮೂಲಕ ಕೆಳಗಿಳಿಸುತ್ತದೆ. ಕಿವಿಗೆ ಹತ್ತಿ ಇಟ್ಟರೂ ಆ ದಡದಡ ಪೂರ್ತಿ ನಿಲ್ಲದು. ಮೇಲಿನವರಿಗೆ ಮಾತ್ರ ಅದು ಸದ್ದೆಂದೇ ತೋರುವುದಿಲ್ಲ. ಆದ್ದರಿಂದ ಅನೇಕ ವೇಳೆ ಅಲ್ಲಿರುವುದು ದುರುದ್ದೇಶವಲ್ಲ, ಅರಿವಿನ ಕೊರತೆ.

ಸಂಘದ ಮೌನಕ್ಕೆ ಈ ರಿಯಾಯಿತಿ ಸಲ್ಲದೆಂಬುದು ನನ್ನ ಅಭಿಪ್ರಾಯ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್ ಮಿತಿ ಹಾಕಿವೆ. ತಡರಾತ್ರಿ ಧ್ವನಿವರ್ಧಕ ಹಾಕಿದರೆ 112ಕ್ಕೆ ಕರೆ ಮಾಡಬಹುದು. ಆದರೆ ಕುರ್ಚಿ ಎಳೆಯುವ ಸದ್ದಿಗೆ ಪೊಲೀಸರನ್ನು ಕರೆಯಲಾದೀತೆ? ಕಾನೂನಿನ ಕೈ ಸುಲಭವಾಗಿ ತಲುಪದ ಇಂಥಲ್ಲಿಯೇ ಸಂಘ ಬೇಕಾಗುವುದು. ನಿರ್ವಹಣಾ ಶುಲ್ಕ ಒಂದು ದಿನ ತಡವಾದರೆ ನೋಟಿಸು ಕಳುಹಿಸುವವರು, ನಿದ್ರೆಗೆಟ್ಟವರ ಪತ್ರಕ್ಕೆ ಎರಡು ಸಾಲು ಬರೆಯಲಾರರೆ? ಲಿಫ್ಟು, ನೀರು, ಕಾವಲುಗಳಷ್ಟೇ ನೆಮ್ಮದಿಯೂ ನಿರ್ವಹಣೆಯ ಭಾಗವೇ.

ರೋಗದ ಕಾರಣವನ್ನು ದೂರ ಮಾಡುವುದೇ ಚಿಕಿತ್ಸೆಯ ಸಾರವೆಂದು ಸುಶ್ರುತರ ಮತ. ಇದನ್ನೇ ನಿದಾನ ಪರಿವರ್ಜನ ಎನ್ನುತ್ತೇವೆ. ಕಾರಣ ಮಹಡಿಯ ಮೇಲಿರುವಾಗ ಕೆಳಗಿನವರಿಗೆ ನಿದ್ರೆಯ ಗುಳಿಗೆ ನುಂಗಿಸುವುದು ವೈದ್ಯವಲ್ಲ. ಆ ತಾಯಿಗೆ ಅಂಗಾಲಿಗೆ ಎಳ್ಳೆಣ್ಣೆಯ ಅಭ್ಯಂಗ, ಬೇಗನೆ ಹಗುರ ಊಟ, ಮಲಗುವ ಮುನ್ನ ಬಿಸಿಹಾಲು ಹೇಳಿದೆ. ರಕ್ತದೊತ್ತಡವನ್ನು ವಾರಕ್ಕೊಮ್ಮೆ ಪರೀಕ್ಷಿಸಿಕೊಳ್ಳಲು ಸೂಚಿಸಿದೆ. ಮಗನಿಗೂ ಒಂದು ಚೀಟಿ ಬರೆದೆ: ಸದ್ದಿನ ದಿನಾಂಕ, ವೇಳೆಗಳನ್ನು ಬರೆದಿಡಿ, ಸಿಟ್ಟಿನ ರಾತ್ರಿಯಲ್ಲಿ ಬಾಗಿಲು ಬಡಿಯದೆ ಹಗಲಲ್ಲಿ ಹೋಗಿ ಮಾತನಾಡಿ, ಅವರನ್ನೇ ಕೆಳಗೆ ಕರೆದು ಸದ್ದನ್ನು ಕೇಳಿಸಿ, ಸಂಘಕ್ಕೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಉತ್ತರ ಬಾರದಿದ್ದರೆ ಸರ್ವಸದಸ್ಯರ ಸಭೆಯಲ್ಲಿ ವಿಷಯವಿಡಿ. ಚಾವಣಿಗೆ ಕೋಲಿನಿಂದ ಕುಟ್ಟುವುದು, ಎದುರುಸದ್ದು ಮಾಡುವುದು ಬೇಡ; ಅದು ಜ್ವರಕ್ಕೆ ಬಿಸಿಲು ಕಾಯಿಸಿದಂತೆ.

ಮೇಲಿನ ಮನೆಯವರು ಕೆಳಗೆ ಬಂದು ಹತ್ತು ನಿಮಿಷ ಕುಳಿತರಂತೆ. ತಮ್ಮ ಮಕ್ಕಳ ಓಟ ತಮಗೇ ಕೇಳಿಸಿದಾಗ ಸಂಕೋಚಪಟ್ಟರಂತೆ. ಕುರ್ಚಿಯ ಕಾಲುಗಳಿಗೆ ರಬ್ಬರ್ ಬುಶ್ ಬಂದಿವೆ, ಹಜಾರಕ್ಕೆ ದಪ್ಪ ಜಮಖಾನ ಬಂದಿದೆ, ಕುಟ್ಟಾಣಿ ಏಳು ಗಂಟೆಯ ನಂತರಕ್ಕೆ ಸರಿದಿದೆ. ಸದ್ದು ಪೂರ್ತಿ ನಿಂತಿಲ್ಲ. ಆದರೂ ಆ ತಾಯಿ ಮತ್ತೆ ಮೊಮ್ಮಗುವಿನ ಬಳಿಗೆ ಹೋಗಿದ್ದಾರೆ. ಸಂಘದ ಉತ್ತರ ಮಾತ್ರ ಈವರೆಗೂ ಬಂದಿಲ್ಲ.

ಸದ್ಭಕ್ತರಲ್ಲಿ ಅನೇಕರ ಮಕ್ಕಳು ಇಂದು ನಗರದ ಮಹಡಿಗಳಲ್ಲಿದ್ದಾರೆ. ಕೆಲವರು ಅಂಥ ಸಂಘಗಳ ಪದಾಧಿಕಾರಿಗಳೂ ಆಗಿದ್ದಾರು. ನಮ್ಮ ನೆಲವೇ ಇನ್ನೊಬ್ಬರ ಚಾವಣಿ ಎಂಬುದನ್ನು ಅವರಿಗೆ ನೆನಪಿಸೋಣ. ಮೇಜಿನ ಮೇಲೆ ಉತ್ತರಿಸದೆ ಇಟ್ಟ ದೂರಿನ ಹಿಂದೆ ನಿದ್ರೆಯಿಲ್ಲದ ಒಂದು ಹಿರಿಯ ಜೀವವಿರಬಹುದೆಂಬುದನ್ನೂ ಹೇಳೋಣ.